ಜೂನ್ 23ರ ಎರಡು ಗುರುವಾರಗಳು

ಹಾನಗಲ್ಲಿನ ಒಂದು ಹೈಸ್ಕೂಲಿನ ಪಡಸಾಲೆಯಲ್ಲಿ ಕರಿಹಲಗೆ ಇದೆ. ಪ್ರಾರ್ಥನೆಗೆ ಮುಂಚೆ ಅದರ ಮೇಲೆ ‘ಇತಿಹಾಸದಲ್ಲಿ ಈ ದಿನ’ ಅಂತ ಎರಡು ಮೂರು ಸಾಲು ಬರೆಯುವುದು ರೂಢಿ. ಅಲ್ಲಿಯ ಮಾಸ್ತರು ಒಮ್ಮೆ ನನ್ನನ್ನು ಹಿಡಿದುಕೊಂಡರು: ‘ವಾಟರ್ಲೂ, ಪ್ಲಾಸಿ ಅಂತ ಬರ್ದು ಬರ್ದು ಸಾಕಾಗೇತ್ರಿ. ನಮ್ಮ ಕಡೀದು ಏನರ ಇದ್ರ ಕೊಡ್ರಿ.’

ನಾನು ಕೊಟ್ಟದ್ದು ಜೂನ್ 23. ಅಂದು ಪ್ಲಾಸಿ ಕದನ, 1757. ಅದರ ಮೇಲೆ ನಮ್ಮದು: 897ರ ಜೂನ್ 23, ಬಂಕಾಪುರದಲ್ಲಿ ಗುಣಭದ್ರರ ಉತ್ತರಪುರಾಣಕ್ಕೆ ಪೂಜೆ. ಬಂಕಾಪುರ ಪಕ್ಕದ ಶಿಗ್ಗಾಂವಿ ತಾಲ್ಲೂಕಿನದು. ಎರಡೂ ದಿನ ಗುರುವಾರವೇ ಎಂಬುದು ಹೊಳೆದಾಗ ನನಗೇ ಒಳಗೊಳಗೆ ಹಿಗ್ಗು. ಹಲಗೆ ಓದಿದ ಹುಡುಗನೊಬ್ಬ ಕೇಳಿದ: ‘ಸರ್, ಆವಾಗ ಜೂನ್ ಇತ್ತೇನ್ರಿ?’

ನಾನು ನಕ್ಕು ಏನೋ ಹೇಳಿ ಬಂದೆ. ಆದರೆ ಪ್ರಶ್ನೆ ಸರಿಯಾಗಿಯೇ ಇತ್ತು, ತಪ್ಪು ನನ್ನದಾಗಿತ್ತು. ಈ ಬರಹ ಆ ಹುಡುಗನಿಗೆ ಕೊಡಬೇಕಿದ್ದ ಉತ್ತರ.

ಬಂಕಾಪುರದ ತೇದಿ ಕಲ್ಲಿನ ಮೇಲಿನದಲ್ಲ, ಉತ್ತರಪುರಾಣದ ಕೊನೆಯ ಪ್ರಶಸ್ತಿಯದು. ರಾಷ್ಟ್ರಕೂಟ ಇಮ್ಮಡಿ ಕೃಷ್ಣನ ಕಾಲ. ಸಾಮಂತ ಲೋಕಾದಿತ್ಯ ವನವಾಸ ದೇಶವನ್ನು ಬಂಕಾಪುರದಿಂದ ಆಳುತ್ತಿದ್ದ. ಊರಿಗೆ ಆ ಹೆಸರು ಬಂದದ್ದು ಅವನ ತಂದೆ ಬಂಕೇಯನಿಂದ. ಪ್ರಶಸ್ತಿಯಲ್ಲಿ ಶಕ 820, ಪಿಂಗಳ ಸಂವತ್ಸರ, ಪಂಚಮಿ, ಮಂತ್ರಿವಾರ ಎಂದಿದೆ. ಬೃಹಸ್ಪತಿ ದೇವತೆಗಳ ಮಂತ್ರಿ, ಹಾಗಾಗಿ ಮಂತ್ರಿವಾರ ಅಂದರೆ ಗುರುವಾರ. ಮೇಲಾಗಿ ಸೂರ್ಯ, ಶುಕ್ರರು ಕರ್ಕಾಟಕದಲ್ಲಿ, ಗುರು ವೃಷಭದಲ್ಲಿ ಇದ್ದರೆಂದೂ ಹೇಳಿದೆ.

ಇಲ್ಲಿ ಕಣ್ಣುಮುಚ್ಚಿ 820ಕ್ಕೆ 78 ಕೂಡಿಸಿದರೆ 898 ಬರುತ್ತದೆ. ಆದರೆ ಪಿಂಗಳ ಸಂವತ್ಸರ 897ರಲ್ಲೇ ಶುರುವಾದದ್ದು. ಸಂದ ಶಕವರ್ಷವಾದರೆ 78 ಕೂಡಿಸಬೇಕು, ನಡೆಯುತ್ತಿರುವ ವರ್ಷವಾದರೆ 77. ಇದು ನಡೆಯುತ್ತಿದ್ದ ವರ್ಷ. ಗುರುಗ್ರಹ ಒಂದು ರಾಶಿಯಲ್ಲಿ ಸುಮಾರು ಒಂದು ವರ್ಷ ಇರುತ್ತದೆ, ಅದೂ 897ಕ್ಕೇ ಸಾಕ್ಷಿ ಹೇಳುತ್ತದೆ. ವಾರ, ತಿಥಿ, ಗ್ರಹಗಳನ್ನು ತಾಳೆ ನೋಡಿದರೆ ಜೂನ್ 23 ಸಿಗುತ್ತದೆ. ಲೆಕ್ಕದಲ್ಲಿ ತಪ್ಪಿಲ್ಲ.

ತಪ್ಪಿದ್ದದ್ದು ನಾನು ಅದನ್ನು ಪ್ಲಾಸಿಯ ಮಗ್ಗುಲಲ್ಲಿ ಕೂಡಿಸಿದ್ದರಲ್ಲಿ. ಶಾಸನ ಸಂಪುಟಗಳಲ್ಲಿ ಹಳೆಯ ತೇದಿಗಳನ್ನು ಜೂಲಿಯನ್ ಪಂಚಾಂಗದಲ್ಲಿ ಕೊಡುವುದು ವಾಡಿಕೆ. ಇಂಗ್ಲಿಷರು 1752ರಲ್ಲಿ 11 ದಿನ ಬಿಟ್ಟು ಗ್ರೆಗೋರಿಯನ್ ಪಂಚಾಂಗಕ್ಕೆ ಬಂದರು. ಅದಾದ ಐದು ವರ್ಷಕ್ಕೆ ಪ್ಲಾಸಿ. ಬಂಕಾಪುರದ ದಿನವನ್ನೂ ಈಗಿನ ಪಂಚಾಂಗಕ್ಕೆ ತಂದರೆ ಅದು ಜೂನ್ 27 ಆಗುತ್ತದೆ. ಬಂಕಾಪುರದಲ್ಲಿ ಅಂದು ಹುಣ್ಣಿಮೆ ಕಳೆದು ಐದನೆಯ ದಿನ. ಪ್ಲಾಸಿಯ ದಿನ ಅಮಾವಾಸ್ಯೆ ಕಳೆದು ಒಂದು ವಾರ, ಶುಕ್ಲಪಕ್ಷ. ಹೀಗೆ ಸೂರ್ಯನ ಲೆಕ್ಕಕ್ಕೂ ಕೂಡಲಿಲ್ಲ, ಚಂದ್ರನ ಲೆಕ್ಕಕ್ಕೂ ಕೂಡಲಿಲ್ಲ. ನಾನು ಹಿಗ್ಗಿದ ‘ಒಂದೇ ದಿನ’ ನಾವು ಇಂಗ್ಲಿಷ್ ಲೆಕ್ಕಕ್ಕೆ ತಿರುಗಿಸುವಾಗ ಹುಟ್ಟಿದ್ದು.

ಹಾಗಾದರೆ ನಿಜವಾಗಿ ಒಂದೇ ದಿನದ ಘಟನೆಗಳು ಶಾಸನಗಳಲ್ಲಿ ಇಲ್ಲವೇ? ಇವೆ. ಧಾರವಾಡ ಜಿಲ್ಲೆಯ ಶಿರೂರು ಮತ್ತು ಗದಗ ಜಿಲ್ಲೆಯ ನೀಲಗುಂದದ ಶಾಸನಗಳನ್ನು ನೋಡಿ. ಎರಡೂ ಅಮೋಘವರ್ಷನ ಕಾಲದವು, ಎರಡನ್ನೂ ಜೆ. ಎಫ್. ಫ್ಲೀಟ್ ಪ್ರಕಟಿಸಿದರು. ಎರಡರಲ್ಲೂ ಶಕ 788, ವ್ಯಯ ಸಂವತ್ಸರ, ಜ್ಯೇಷ್ಠ ಅಮಾವಾಸ್ಯೆ, ಆದಿತ್ಯವಾರ, ಸೂರ್ಯಗ್ರಹಣ. ಅಂದರೆ 866ರ ಜೂನ್ 16. ಎರಡರಲ್ಲೂ ದೇವಣ್ಣಯ್ಯ ಅಣ್ಣಿಗೇರಿಯಲ್ಲಿದ್ದು ಬೆಳ್ವೊಲ ಮುನ್ನೂರನ್ನು ಆಳುತ್ತಿದ್ದಾನೆ. ರಾಜಪ್ರಶಸ್ತಿಯ ಮಾತುಗಳೂ ಬಹುಮಟ್ಟಿಗೆ ಒಂದೇ.

ಇದು ಕಾಕತಾಳೀಯವಲ್ಲ. ಒಬ್ಬನೇ ಅಧಿಕಾರಿ, ಒಂದೇ ಗ್ರಹಣ, ಎರಡು ಊರಿನ ದತ್ತಿ. ಬಹುಶಃ ಅಣ್ಣಿಗೇರಿಯಲ್ಲಿ ಸಿದ್ಧವಾದ ಒಂದೇ ಒಕ್ಕಣೆ ಎರಡೂ ಊರಿಗೆ ಹೋಗಿರಬೇಕು. ಇದರಿಂದ ಇತಿಹಾಸಕ್ಕೆ ದೊಡ್ಡ ಲಾಭವೇ ಆಯಿತು. ಎರಡೂ ಕಲ್ಲುಗಳು ಅದನ್ನು ಅಮೋಘವರ್ಷನ 52ನೆಯ ವರ್ಷ ಎನ್ನುತ್ತವೆ. ಗ್ರಹಣದಿಂದ ದಿನ ಗಟ್ಟಿಯಾದ್ದರಿಂದ ಅವನು ಪಟ್ಟಕ್ಕೆ ಬಂದದ್ದು 814ರ ಜೂನ್ ನಡುವಿನಿಂದ 815ರ ಜೂನ್ ನಡುವಿನೊಳಗೆ ಎಂದು ಹೇಳಲು ಬಂತು. ಅರವತ್ತಕ್ಕೂ ಹೆಚ್ಚು ವರ್ಷ ಆಳಿದ ಅರಸನ ಕಾಲಗಣನೆಗೆ ಇದೊಂದು ಗೂಟ.

ಇನ್ನೊಂದು ಬಗೆಯ ‘ಒಂದೇ ದಿನ’ವೂ ಇದೆ. ನಮ್ಮ ಪಾನುಂಗಲ್ಲು ಐನೂರರ ಸೀಮೆಯಲ್ಲಾಗಲಿ, ಬನವಾಸಿ ನಾಡಿನಲ್ಲಾಗಲಿ ದಾನಶಾಸನಗಳನ್ನು ಓದುತ್ತ ಹೋದರೆ ಉತ್ತರಾಯಣ ಸಂಕ್ರಮಣ, ಗ್ರಹಣ, ವ್ಯತೀಪಾತ, ಸೋಮವಾರದ ಅಮಾವಾಸ್ಯೆ, ಇವೇ ಮತ್ತೆ ಮತ್ತೆ ಬರುತ್ತವೆ. ಹೊಲ ಬಿಡುವವನು, ದೀಪಕ್ಕೆ ಎಣ್ಣೆ ಬಿಡುವವನು ಪುಣ್ಯ ಹೆಚ್ಚೆಂದು ಆ ದಿನವನ್ನೇ ಕಾಯುತ್ತಿದ್ದ. ಸಂಪುಟಗಳಲ್ಲಿ ಹನ್ನೊಂದು, ಹನ್ನೆರಡನೆಯ ಶತಮಾನದ ಉತ್ತರಾಯಣ ಸಂಕ್ರಮಣಗಳು ಡಿಸೆಂಬರ್ 24 ಅಥವಾ 25 ಎಂದು ಅಚ್ಚಾಗಿರುತ್ತವೆ. ಓದುವವರು ‘ಕ್ರಿಸ್ಮಸ್ ದಿನ ದತ್ತಿ ಕೊಟ್ಟರಾ?’ ಎಂದು ಹುಬ್ಬೇರಿಸುತ್ತಾರೆ. ಅದು ನಾವು ಜನವರಿ 14, 15ಕ್ಕೆ ಎಳ್ಳು ಬೆಲ್ಲ ಹಂಚುವ ಹಬ್ಬವೇ. ಅಂತರದ ಹೆಚ್ಚಿನ ಪಾಲು ಪಂಚಾಂಗ ಬದಲಾದದ್ದರಿಂದ ಬಂತು. ಉಳಿದದ್ದು, ನಮ್ಮ ಸೌರವರ್ಷ ಜೂಲಿಯನ್ ವರ್ಷಕ್ಕಿಂತ ತುಸು ಉದ್ದವಾಗಿ ಸುಮಾರು 114 ವರ್ಷಕ್ಕೆ ಒಂದು ದಿನದಂತೆ ಸರಿಯುವುದರಿಂದ.

ಅಂದರೆ ಆ ದಾನಿಗಳ ದಿನವನ್ನು ನಾವು ಈಗಲೂ ಆಚರಿಸುತ್ತೇವೆ. ಹಲಗೆಯ ಮೇಲೆ ಡಿಸೆಂಬರ್ 25 ಎಂದು ಬರೆದರೆ ಆ ನಂಟು ಹರಿಯುತ್ತದೆ.

ಆದರೆ ಎಲ್ಲ ದಿನಗಳೂ ಆರಿಸಿಕೊಂಡವಲ್ಲ. ಹೊಯ್ಸಳ ಇಮ್ಮಡಿ ವೀರಬಲ್ಲಾಳ ಆನೆಕೆರೆಯ ಬಳಿ ಬೀಡುಬಿಟ್ಟು ಹಾನಗಲ್ಲನ್ನು ಮುತ್ತಿದಾಗ ಕದಂಬ ಕಾಮದೇವನ ದಂಡನಾಯಕ ಸೋಹಣಿ ಮಗನೊಂದಿಗೆ ಎದುರು ನಿಂತ. ಆ ಸಲ ಮುತ್ತಿಗೆ ಹಿಮ್ಮೆಟ್ಟಿತು, ಸೋಹಣಿ ಮಡಿದ. ದಾನಿಗೆ ಸಂಕ್ರಮಣದವರೆಗೆ ಕಾಯಲು ಬರುತ್ತಿತ್ತು, ಸೋಹಣಿಗೆ ಬರಲಿಲ್ಲ. ಹಾಗಾಗಿ ವೀರಗಲ್ಲಿನ ತಿಥಿಯನ್ನೂ ದಾನಶಾಸನದ ತಿಥಿಯನ್ನೂ ಒಂದೇ ಪಟ್ಟಿಗೆ ಹಾಕುವ ಮುನ್ನ ನಾನೀಗ ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಈ ದಿನವನ್ನು ಅವರು ಆರಿಸಿದರೋ, ಅದು ಅವರ ಮೇಲೆ ಬಂದು ಬಿತ್ತೋ?

ಮಾಸ್ತರಿಗೆ ಫೋನ್ ಮಾಡಿ ತಪ್ಪು ಒಪ್ಪಿಕೊಂಡೆ. ‘ಹಂಗಾರ ಅಳಿಸಿಬಿಡೋಣೇನ್ರಿ?’ ಅಂದರು. ಬೇಡ, ತಿದ್ದೋಣ ಅಂದೆ. ಈಗ ಆ ಹಲಗೆಗೆ ಒಂದು ಪದ್ಧತಿ ಆಗಿದೆ. ಮೊದಲು ಶಾಸನದಲ್ಲಿದ್ದಂತೆ ಶಕವರ್ಷ, ಸಂವತ್ಸರ, ತಿಥಿ, ವಾರ. ಅದರ ಕೆಳಗೆ ಇಂಗ್ಲಿಷ್ ತೇದಿ, ಪಕ್ಕದಲ್ಲಿ ಅದು ಜೂಲಿಯನ್ನೋ ಗ್ರೆಗೋರಿಯನ್ನೋ ಎಂಬ ಮಾತು. ಊರ ಗುಡಿಯ ಮುಂದೆ ಫಲಕ ಹಾಕಿಸುವವರೂ ಇಷ್ಟು ಮಾಡಿದರೆ ಸಾಕು.

ಹುಡುಗನಿಗೆ ಉತ್ತರ: ಇಲ್ಲಪ್ಪಾ, ಬಂಕಾಪುರದಲ್ಲಿ ಆವಾಗ ಜೂನ್ ಇರಲಿಲ್ಲ. ಪಂಚಮಿ ಇತ್ತು, ಗುರುವಾರ ಇತ್ತು. ಜೂನ್ ನಾವು ಹಚ್ಚಿದ್ದು.