ಡಬ್ಬಿಯಿಂದ ಒಡಲಿಗೆ: ಆಲ್ಟರ್ನೇಟರ್ ರೆಗ್ಯುಲೇಟರ್ ಸಾಗಿಬಂದ ದಾರಿ

1960ರಲ್ಲಿ ಅಮೆರಿಕದ ಕ್ರೈಸ್ಲರ್ ಕಂಪನಿ ತನ್ನ ವ್ಯಾಲಿಯಂಟ್ ಕಾರಿನಲ್ಲಿ ಡೈನಮೊ ಕೈಬಿಟ್ಟು ಆಲ್ಟರ್ನೇಟರ್ ಕೂರಿಸಿತು. ಮರುವರ್ಷ ಅದರ ಎಲ್ಲ ಕಾರುಗಳಿಗೂ ಅದೇ ಬಂತು. ಕೆಲವೇ ವರ್ಷಗಳಲ್ಲಿ ಉಳಿದ ಕಂಪನಿಗಳೂ ಅದೇ ದಾರಿ ಹಿಡಿದವು.

ಡೈನಮೊದ ಕಷ್ಟ ಹಳೆಯ ಚಾಲಕರಿಗೆ ಗೊತ್ತು. ಎಂಜಿನ್ ನಿಧಾನವಾಗಿ ತಿರುಗುವಾಗ ಅದು ಕರೆಂಟನ್ನೇ ಕೊಡದು. ರಾತ್ರಿ ಸಿಗ್ನಲ್‌ನಲ್ಲಿ ನಿಂತರೆ ಹೆಡ್‌ಲೈಟ್ ಮಂಕಾಗುತ್ತಿತ್ತು. ಬ್ರಿಟಿಷ್ ಕಾರುಗಳಲ್ಲಿ ಮನೆಮಾತಾಗಿದ್ದ ಲ್ಯೂಕಾಸ್ ಸಿ40 ಡೈನಮೊ ಪೂರ್ತಿ ವೇಗದಲ್ಲಿ ಕೊಡುತ್ತಿದ್ದದ್ದೇ 22 ಆಂಪಿಯರ್. ಜೊತೆಗೊಂದು ಕಂಟ್ರೋಲ್ ಬಾಕ್ಸ್ ಬೇಕಿತ್ತು. ಡೈನಮೊ ನಿಂತಾಗ ಬ್ಯಾಟರಿಯ ಕರೆಂಟ್ ಹಿಂದಕ್ಕೆ ಹರಿಯದಂತೆ ತಡೆಯುವ ಕಟೌಟ್ ಅದರೊಳಗಿತ್ತು. ವೋಲ್ಟೇಜ್ ಹಿಡಿತದಲ್ಲಿಡುವ ಕಾಯಿಲ್ ಕೂಡ ಅಲ್ಲೇ. ಅಂಬಾಸಿಡರ್, ಫಿಯಟ್ ಕಾಲದ ಆಟೊ ಎಲೆಕ್ಟ್ರಿಷಿಯನ್ನರು ಸುಟ್ಟ ಪಾಯಿಂಟ್‌ಗಳನ್ನು ಎಮೆರಿ ಕಾಗದದಲ್ಲಿ ಉಜ್ಜುತ್ತಿದ್ದದ್ದು ಇಂಥ ಡಬ್ಬಿಗಳಲ್ಲೇ.

ಆಲ್ಟರ್ನೇಟರ್ ಬಂದದ್ದು ಸಿಲಿಕಾನ್ ಡಯೋಡ್ ಕೈಗೆಟಕುವ ಬೆಲೆಗೆ ಸಿಕ್ಕಮೇಲೆ. ಇಲ್ಲಿ ತಿರುಗುವುದು ರೋಟರ್. ಅದಕ್ಕೆ ಬೇಕಾದದ್ದು ಕೆಲವೇ ಆಂಪಿಯರ್‌ನ ಫೀಲ್ಡ್ ಕರೆಂಟ್. ಸುತ್ತಲಿನ ಸ್ಟೇಟರ್‌ನಲ್ಲಿ ಹುಟ್ಟುವ ಮೂರು ಫೇಸಿನ ಎಸಿ, ಆರು ಡಯೋಡ್‌ಗಳ ಮೂಲಕ ಡಿಸಿಯಾಗಿ ಹೊರಬರುತ್ತದೆ. ಡಯೋಡ್ ಒಂದೇ ದಿಕ್ಕಿಗೆ ಬಿಡುವುದರಿಂದ ಕಟೌಟ್ ಬೇಡವಾಯಿತು. ಕರೆಂಟ್ ಮಿತಿ ಮೀರದಂತೆ ಸ್ಟೇಟರ್ ಸುರುಳಿಯೇ ತಡೆಯುತ್ತದೆ. ರೆಗ್ಯುಲೇಟರ್‌ಗೆ ಉಳಿದದ್ದು ಒಂದೇ ಕೆಲಸ: ಫೀಲ್ಡ್ ಕರೆಂಟ್ ಹೆಚ್ಚುಕಡಿಮೆ ಮಾಡಿ ವೋಲ್ಟೇಜನ್ನು ಸುಮಾರು 14ರಲ್ಲಿ ನಿಲ್ಲಿಸುವುದು.

ಆರಂಭದಲ್ಲಿ ಆ ರೆಗ್ಯುಲೇಟರ್ ಹೊರಗೇ ಇತ್ತು. ವೈರಿಂಗಿನ ಗೊಂದಲ ಹುಟ್ಟಿದ್ದೂ ಅಲ್ಲೇ. ಕ್ರೈಸ್ಲರ್‌ನಲ್ಲಿ 1969ರವರೆಗೆ ಫೀಲ್ಡಿನ ಒಂದು ಬ್ರಷ್ ಬಾಡಿಗೆ ಅರ್ಥ್ ಆಗಿರುತ್ತಿತ್ತು, ರೆಗ್ಯುಲೇಟರ್ ಇನ್ನೊಂದಕ್ಕೆ ಪಾಸಿಟಿವ್ ಕೊಡುತ್ತಿತ್ತು. 1970ರಲ್ಲಿ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಬಂದಾಗ ಲೆಕ್ಕ ತಿರುಗಿತು: ಇಗ್ನಿಷನ್‌ನಿಂದ ಒಂದು ಬ್ರಷ್‌ಗೆ ಪಾಸಿಟಿವ್, ಇನ್ನೊಂದನ್ನು ಅರ್ಥ್‌ಗೆ ಸೇರಿಸುವ ಕೆಲಸ ರೆಗ್ಯುಲೇಟರ್‌ನದು. ಈ ಎರಡು ಕಾಲದ ಸಾಮಾನನ್ನು ನೋಡದೆ ಬೆರೆಸಿದರೆ ಒಂದೋ ಚಾರ್ಜಿಂಗೇ ಇರದು, ಇಲ್ಲವೇ ಹಿಡಿತ ತಪ್ಪಿ ಬ್ಯಾಟರಿ ಕುದಿಯುತ್ತದೆ.

ಬ್ರಿಟನ್ನಿನಲ್ಲಿ 1964ರ ಜಾಗ್ವಾರ್ ಇ-ಟೈಪ್ 4.2 ಕಾರು ಲ್ಯೂಕಾಸ್ 11ಎಸಿ ಆಲ್ಟರ್ನೇಟರ್‌ನೊಂದಿಗೆ ಬಂತು. ಅದರ 4ಟಿಆರ್ ರೆಗ್ಯುಲೇಟರ್ ಬೇರೆಯಾಗಿತ್ತು. ದಶಕದ ಕೊನೆಗೆ ಎಸಿಆರ್ ಸರಣಿ ಬಂದು ರೆಗ್ಯುಲೇಟರ್ ಆಲ್ಟರ್ನೇಟರ್‌ನ ಹಿಂಬದಿಯ ಮುಚ್ಚಳದೊಳಗೆ ಸೇರಿತು. 16ಎಸಿಆರ್ 34 ಆಂಪಿಯರ್ ಕೊಡುತ್ತಿತ್ತು. ಭಾರತದಲ್ಲಿ ಇದೇ ಲ್ಯೂಕಾಸ್ 1961ರಲ್ಲಿ ಟಿವಿಎಸ್ ಜೊತೆಗೂಡಿ ಮದ್ರಾಸಿನಲ್ಲಿ ಕಂಪನಿ ಕಟ್ಟಿತ್ತು.

ಬದಲಾವಣೆಯ ಪಾಠಕ್ಕೆ ಜನರಲ್ ಮೋಟಾರ್ಸ್‌ನ ಉದಾಹರಣೆಯಷ್ಟು ಸ್ಪಷ್ಟವಾದದ್ದು ಇನ್ನೊಂದಿಲ್ಲ. 1960ರ ದಶಕದ 10ಡಿಎನ್‌ಗೆ ರೆಗ್ಯುಲೇಟರ್ ಹೊರಗೆ. 1970ರ ದಶಕದ 10ಎಸ್‌ಐಗೆ ಒಳಗೆ. ಹೊಸದರ ಪ್ಲಗ್‌ನಲ್ಲಿ ಎರಡೇ ಟರ್ಮಿನಲ್. ಒಂದನೆಯದಕ್ಕೆ ಡ್ಯಾಶ್‌ಬೋರ್ಡಿನ ಚಾರ್ಜಿಂಗ್ ದೀಪದ ಮೂಲಕ ಬರುವ ಸಣ್ಣ ಕರೆಂಟ್ ರೋಟರನ್ನು ಎಬ್ಬಿಸುತ್ತದೆ. ಎರಡನೆಯದು ರೆಗ್ಯುಲೇಟರ್‌ನ ಕಣ್ಣು. ವೋಲ್ಟೇಜ್ ಎಷ್ಟಿದೆಯೆಂದು ಅದು ನೋಡುವುದು ಈ ವೈರಿನಿಂದ. ಹಳೆಯ ಕಾರಿಗೆ 10ಎಸ್‌ಐ ಕೂರಿಸುವವರು ಹೊರಗಿನ ರೆಗ್ಯುಲೇಟರ್ ಕಳಚಿ, ಅದರ ಪ್ಲಗ್‌ನಲ್ಲೇ ಬ್ಯಾಟರಿ ವೈರನ್ನು ಫೀಲ್ಡ್ ವೈರಿಗೂ ದೀಪದ ವೈರನ್ನು ಉಳಿದ ವೈರಿಗೂ ಜೋಡಿಸುತ್ತಾರೆ. ಇದ್ದ ವೈರುಗಳೇ ಹೊಸ ಕೆಲಸಕ್ಕೆ ಒದಗುತ್ತವೆ.

ಇನ್ನೂ ಸುಲಭವೆಂದು ಮಾರುವ ‘ಒಂದೇ ವೈರ್’ ಆಲ್ಟರ್ನೇಟರೂ ಉಂಟು. ಟ್ರ್ಯಾಕ್ಟರ್‌ಗೆ, ನೀರೆತ್ತುವ ಎಂಜಿನ್‌ಗೆ ಅದು ಸಾಕು. ಕಾರಿಗೆ ಅದು ತಕ್ಕದ್ದಲ್ಲ. ಎಂಜಿನ್ ಒಮ್ಮೆ ಜೋರಾಗಿ ತಿರುಗುವವರೆಗೆ ಚಾರ್ಜಿಂಗ್ ಶುರುವಾಗದು. ತನ್ನ ಬೆನ್ನಿನ ವೋಲ್ಟೇಜನ್ನಷ್ಟೇ ನೋಡುವ ರೆಗ್ಯುಲೇಟರ್‌ಗೆ ದೂರದ ಹೆಡ್‌ಲೈಟಿನ ಬಳಿ ಎಷ್ಟು ಕುಸಿದಿದೆ ಎಂಬುದೂ ತಿಳಿಯದು.

ಹೆಚ್ಚಿನ ಅಪಾಯ ಇರುವುದು ದಪ್ಪ ವೈರಿನಲ್ಲಿ. ಹಳೆಯ ಕಾರುಗಳಲ್ಲಿ ಚಾರ್ಜಿಂಗ್ ಕರೆಂಟ್ ಡ್ಯಾಶ್‌ಬೋರ್ಡಿನ ಆಮ್ಮೀಟರ್ ಹಾದು ಬ್ಯಾಟರಿಗೆ ಹೋಗುತ್ತಿತ್ತು. ಮೂವತ್ತು ಆಂಪಿಯರ್‌ಗೆಂದು ಎಳೆದ ಆ ವೈರಿಗೆ ನೂರು ಆಂಪಿಯರ್‌ನ ಆಲ್ಟರ್ನೇಟರ್ ಕಟ್ಟಿದರೆ ಕನೆಕ್ಟರ್ ಕರಗುತ್ತದೆ. ಹೊಸ ಆಲ್ಟರ್ನೇಟರ್‌ನಿಂದ ಬ್ಯಾಟರಿಗೆ ನೇರವಾಗಿ ದಪ್ಪ ವೈರ್ ಎಳೆದು ಫ್ಯೂಸ್ ಹಾಕಿ, ಆಮ್ಮೀಟರ್ ಬದಲು ವೋಲ್ಟ್‌ಮೀಟರ್ ಇಡುವುದೇ ಸರಿ. ಪಾಸಿಟಿವ್ ಅರ್ಥ್ ಇರುವ ಹಳೆಯ ಬ್ರಿಟಿಷ್ ಕಾರಾದರೆ ಮೊದಲು ನೆಗೆಟಿವ್ ಅರ್ಥ್‌ಗೆ ಬದಲಿಸಬೇಕು. ಇಲ್ಲವಾದರೆ ಡಯೋಡ್‌ಗಳು ಕ್ಷಣದಲ್ಲಿ ಸುಡುತ್ತವೆ.

1980ರ ದಶಕದಲ್ಲಿ ಕ್ರೈಸ್ಲರ್ ವೋಲ್ಟೇಜ್ ನಿಯಂತ್ರಣವನ್ನು ಎಂಜಿನ್ ಕಂಪ್ಯೂಟರ್‌ಗೆ ವಹಿಸಿತು. ಇಂದಿನ ಅನೇಕ ಕಾರುಗಳಲ್ಲಿ ಎಷ್ಟು ಚಾರ್ಜ್ ಆಗಬೇಕೆಂದು ಕಂಪ್ಯೂಟರೇ ಹೇಳುತ್ತದೆ.

ಆದರೆ ಡೈನಮೊ ಕಾಲದ ಒಂದು ಅಭ್ಯಾಸ ಇನ್ನೂ ಹೋಗಿಲ್ಲ: ಚಾರ್ಜಿಂಗ್ ಇದೆಯೇ ಎಂದು ನೋಡಲು ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ಟರ್ಮಿನಲ್ ಕಳಚುವುದು. ಆ ಕ್ಷಣ ವೋಲ್ಟೇಜ್ ಹಲವು ಪಟ್ಟು ಜಿಗಿದು ಡಯೋಡ್, ರೆಗ್ಯುಲೇಟರ್, ಕಂಪ್ಯೂಟರ್ ಎಲ್ಲವನ್ನೂ ಸುಡಬಲ್ಲದು. ದಯವಿಟ್ಟು ಯಾರಿಗೂ ಹಾಗೆ ಮಾಡಲು ಬಿಡಬೇಡಿ. ಹೆಡ್‌ಲೈಟ್ ಹಾಕಿ, ಎಂಜಿನ್ ಓಡಿಸಿ, ಬ್ಯಾಟರಿಗೆ ಮಲ್ಟಿಮೀಟರ್ ಹಿಡಿಯಿರಿ. ಕಂಪ್ಯೂಟರ್ ಹಿಡಿತವಿಲ್ಲದ ಕಾರಿನಲ್ಲಿ 13.8ರಿಂದ 14.4 ವೋಲ್ಟ್ ತೋರಿಸಿದರೆ ಚಾರ್ಜಿಂಗ್ ಸರಿಯಿದೆ.