ಹಾಲುಣಿಸುವ ತಾಯಂದಿರ ತೂಕ ಇಳಿಕೆ: ಜೈನ ಆಹಾರ ಪದ್ಧತಿಯಲ್ಲಿ ಗಮನಿಸಬೇಕಾದ ವಿಷಯಗಳು

ಹೆರಿಗೆಯ ನಂತರ ತೂಕ ಹೆಚ್ಚಿರುವುದು ಸಹಜ. ಗರ್ಭಿಣಿಯಾಗಿದ್ದಾಗ ಶರೀರ ಕೂಡಿಡುವ ಕೊಬ್ಬು ಮುಂದೆ ಹಾಲುಣಿಸಲು ಬೇಕಾಗುವ ದಾಸ್ತಾನು. ಅದು ನಿಧಾನವಾಗಿಯೇ ಕರಗಬೇಕು. ತೂಕವೂ ಇಳಿಯಲಿ, ವ್ರತವೂ ಆಗಲಿ ಎಂದು ಬಾಣಂತಿ ಊಟ ಬಿಡುವುದು ತಾಯಿ ಮಗು ಇಬ್ಬರಿಗೂ ಹಿತವಲ್ಲ.

ಯಾವಾಗ, ಎಷ್ಟು?

ಮೊದಲ ಆರರಿಂದ ಎಂಟು ವಾರ ತೂಕದ ಚಿಂತೆ ಬೇಡ. ಆಮೇಲೆ ವಾರಕ್ಕೆ ಅರ್ಧ ಕಿಲೋ, ಅಂದರೆ ತಿಂಗಳಿಗೆ ಎರಡು ಕಿಲೋ ಮೀರದಂತೆ ಇಳಿದರೆ ಸಾಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ಹಾಲುಣಿಸುವ ತಾಯಿಗೆ ಮೊದಲ ಆರು ತಿಂಗಳು ದಿನಕ್ಕೆ 600, ನಂತರದ ಆರು ತಿಂಗಳು 520 ಕಿಲೋ ಕ್ಯಾಲೊರಿ ಹೆಚ್ಚು ಬೇಕು. ದಿನದ ಒಟ್ಟು ಆಹಾರ 1800 ಕಿಲೋ ಕ್ಯಾಲೊರಿಗಿಂತ ಕೆಳಗೆ ಹೋಗಬಾರದು.

ಏನು ಕಡಿಮೆ ಮಾಡಬೇಕು?

ಬಾಣಂತಿಗೆ ತುತ್ತು ತುತ್ತಿಗೂ ತುಪ್ಪ ಹಾಕುವುದು ನಮ್ಮ ಮನೆಗಳ ರೂಢಿ. ಒಂದು ದೊಡ್ಡ ಚಮಚ ತುಪ್ಪದಲ್ಲೇ ಸುಮಾರು 130 ಕಿಲೋ ಕ್ಯಾಲೊರಿ ಇದೆ. ದಿನಕ್ಕೆ ಎರಡು ಮೂರು ಸಣ್ಣ ಚಮಚ ಸಾಕು. ಅಂಟಿನ ಉಂಡೆ ದಿನಕ್ಕೊಂದು ಇರಲಿ. ಕರಿದ ತಿಂಡಿ, ಬೇಕರಿ ಪದಾರ್ಥ, ಸಕ್ಕರೆ ಹಾಕಿದ ಪಾನೀಯ ಬಿಡಬಹುದು.

ಏನು ಬಿಡಬಾರದು?

ಬೇಳೆ, ಹೆಸರುಕಾಳು, ಕಡಲೆ, ರಾಗಿ, ಎಳ್ಳು, ಸಿಹಿಗುಂಬಳ, ನುಗ್ಗೆಸೊಪ್ಪು ಊಟದಲ್ಲಿರಲಿ. ಚಾತುರ್ಮಾಸದಲ್ಲಿ ಸೊಪ್ಪು ಬಿಡುವವರು ಕಾಳು, ಎಳ್ಳು ಹೆಚ್ಚಿಸಿಕೊಳ್ಳಬೇಕು. ಮಾಂಸ, ಮೊಟ್ಟೆ ತಿನ್ನದವರಿಗೆ ಬಿ12 ಜೀವಸತ್ವ ಸಿಗುವುದು ಮುಖ್ಯವಾಗಿ ಹಾಲು, ಮೊಸರಿನಿಂದ. ತಾಯಿಗೆ ಇದು ಕೊರತೆಯಾದರೆ ಎದೆಹಾಲಿನಲ್ಲೂ ಕಡಿಮೆಯಾಗಿ ಮಗುವಿನ ರಕ್ತ ಮತ್ತು ಮೆದುಳಿನ ಬೆಳವಣಿಗೆಗೆ ತೊಂದರೆಯಾಗುತ್ತದೆ. ಹೆರಿಗೆಯ ನಂತರ 180 ದಿನ ಕಬ್ಬಿಣಾಂಶ ಮತ್ತು ಕ್ಯಾಲ್ಸಿಯಂ ಮಾತ್ರೆ ತೆಗೆದುಕೊಳ್ಳಬೇಕು. ಎರಡನ್ನೂ ಒಂದೇ ಹೊತ್ತಿಗೆ ನುಂಗಬಾರದು.

ಬೆಳ್ಳುಳ್ಳಿ ತಿನ್ನದಿದ್ದರೆ ಹಾಲು ಬರುವುದಿಲ್ಲ ಎಂಬ ಭಯ ಬೇಡ. ಮಗು ಎಷ್ಟು ಸಲ ಚೀಪುತ್ತದೋ ಅದಕ್ಕೆ ತಕ್ಕಂತೆ ಹಾಲು ಬರುತ್ತದೆ. ಬಾಣಂತಿಗೆ ನೀರು ಕಡಿಮೆ ಕೊಡುವ ಹಳೆಯ ಪದ್ಧತಿಯೂ ಸರಿಯಲ್ಲ.

ರಾತ್ರಿ ಭೋಜನ ತ್ಯಾಗ ಪಾಲಿಸುವವರು

ಬೆಳಿಗ್ಗೆಯಿಂದ ಸೂರ್ಯಾಸ್ತದೊಳಗೆ ನಾಲ್ಕೈದು ಸಲ ಸ್ವಲ್ಪ ಸ್ವಲ್ಪ ಉಣ್ಣಬೇಕು. ಸಂಜೆಯ ಊಟದಲ್ಲಿ ಬೇಳೆ, ತರಕಾರಿ ಚೆನ್ನಾಗಿರಲಿ. ನೀರನ್ನು ಹಗಲಿಡೀ ಕುಡಿಯಬೇಕು. ರಾತ್ರಿ ಹಾಲುಣಿಸುವಾಗ ಬಾಯಾರಿಕೆ, ತಲೆಸುತ್ತು ಬಂದರೆ ನೀರನ್ನಾದರೂ ಕುಡಿಯುವ ಅವಕಾಶವನ್ನು ಮನೆಯ ಹಿರಿಯರೇ ಮಾಡಿಕೊಡಬೇಕು.

ಪರ್ವದ ದಿನಗಳಲ್ಲಿ

ಷೋಡಶಕಾರಣ ಭಾವನೆಗಳಲ್ಲಿ ತ್ಯಾಗ ಮತ್ತು ತಪಸ್ಸು ಶಕ್ತಿಗೆ ತಕ್ಕಂತೆ ಇರಬೇಕೆಂದೇ ಹೇಳಿದೆ. ಎದೆಹಾಲನ್ನೇ ನಂಬಿದ ಮಗುವಿರುವಾಗ ದಶಲಕ್ಷಣ ಪರ್ವದ ಹತ್ತು ದಿನದ ಉಪವಾಸ, ನಿತ್ಯ ಏಕಾಶನ ಬೇಡ. ಅದರ ಬದಲು ರಸಪರಿತ್ಯಾಗದ ರೀತಿಯಲ್ಲಿ ಸಕ್ಕರೆ ಅಥವಾ ಕರಿದ ಪದಾರ್ಥ ಬಿಡಬಹುದು; ಇದರಿಂದ ತೂಕಕ್ಕೂ ಅನುಕೂಲ. ಸ್ವಾಧ್ಯಾಯ, ಜಪಕ್ಕೆ ಅಡ್ಡಿಯಿಲ್ಲ. ಮುನಿಗಳ ಬಳಿ ನಿಯಮ ತೆಗೆದುಕೊಳ್ಳುವಾಗ ಹಾಲುಣಿಸುತ್ತಿರುವ ವಿಷಯವನ್ನು ತಿಳಿಸಬೇಕು.

ನಡಿಗೆ ಮತ್ತು ವ್ಯಾಯಾಮ

ಸಹಜ ಹೆರಿಗೆಯಾದವರು ನಿಧಾನ ನಡಿಗೆಯಿಂದ ಆರಂಭಿಸಿ ಕ್ರಮೇಣ ದಿನಕ್ಕೆ ಅರ್ಧ ಗಂಟೆಗೆ ಏರಿಸಬಹುದು. ಸಿಸೇರಿಯನ್ ಆದವರು ವೈದ್ಯರನ್ನು ಕೇಳಿಯೇ ವ್ಯಾಯಾಮ ಮಾಡಬೇಕು. ಮಗುವಿಗೆ ಹಾಲುಣಿಸಿ ಹೊರಟರೆ ಅನುಕೂಲ. ಹೊಟ್ಟೆಗೆ ಬಟ್ಟೆ ಕಟ್ಟುವುದರಿಂದ ಕೊಬ್ಬು ಕರಗುವುದಿಲ್ಲ. ತೂಕ ಇಳಿಸುವ ಮಾತ್ರೆ, ಪುಡಿ, ಕಷಾಯಗಳನ್ನು ಮುಟ್ಟಬಾರದು.

ವೈದ್ಯರನ್ನು ಯಾವಾಗ ಕಾಣಬೇಕು?

ಮಗು ದಿನಕ್ಕೆ ಆರು ಸಲಕ್ಕಿಂತ ಕಡಿಮೆ ಮೂತ್ರ ಮಾಡಿದರೆ, ಅದರ ತೂಕ ಏರದಿದ್ದರೆ ತಡಮಾಡಬಾರದು. ತಾಯಿಗೆ ವಿಪರೀತ ಸುಸ್ತು, ಎದೆಬಡಿತ, ತೂಕ ಒಮ್ಮೆಲೇ ಇಳಿಯುವುದು ಅಥವಾ ಏರುವುದು ಕಂಡರೆ ರಕ್ತಹೀನತೆ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಬೇಕು.