ಸರ್ಟಿಫಿಕೇಟಿಗೆ ಜಾಮೀನು ಯಾರು?

ಹುಬ್ಬಳ್ಳಿಯಲ್ಲೋ ಕಲಬುರಗಿಯಲ್ಲೋ ಐಟಿಐ ಮುಗಿಸಿದ ಹುಡುಗನೊಬ್ಬ ಪುಣೆಯ ಚಾಕಣದ ಕಾರ್ಖಾನೆಯೊಂದರ ಗೇಟಿನ ಮುಂದೆ ನಿಂತಾಗ ಅವನ ಕೈಯಲ್ಲಿರುವುದು ಒಂದು ಕಾಗದ. ಅವನ ಊರಿನ ಐಟಿಐ ಹೇಗಿದೆ, ಅಲ್ಲಿ ಲೇತ್ ಓಡುತ್ತದೋ ಇಲ್ಲವೋ, ಕಾರ್ಖಾನೆಯವರಿಗೆ ಗೊತ್ತಿಲ್ಲ. ಅವರು ಬಹುಕಾಲ ನಂಬುತ್ತಿದ್ದುದು ಕಾಗದದ ಮೇಲಿನ ಇನ್ನೊಂದು ಹೆಸರನ್ನು: ಎನ್‌ಸಿವಿಟಿ, ಅಂದರೆ ವೃತ್ತಿ ತರಬೇತಿಯ ರಾಷ್ಟ್ರೀಯ ಮಂಡಳಿ. ದೇಶದ ಯಾವ ಮೂಲೆಯಲ್ಲಿ ಕಲಿತರೂ ಫಿಟ್ಟರ್ ಎಂದರೆ ಫಿಟ್ಟರೇ ಎಂದು ಜಾಮೀನು ನಿಲ್ಲುತ್ತಿದ್ದುದು ಆ ಹೆಸರು. ಊರು ಬಿಟ್ಟು ದುಡಿಯಲು ಹೋಗುವವನಿಗೆ ಈ ಜಾಮೀನೇ ಬಂಡವಾಳ.

ಇದು ಶುರುವಾದದ್ದು ಶಾಲೆಗಾಗಿ ಅಲ್ಲ, ಯುದ್ಧದಿಂದ ಮರಳಿದ ಸೈನಿಕರಿಗಾಗಿ. ಎರಡನೇ ಮಹಾಯುದ್ಧ ಮುಗಿಯುತ್ತಿದ್ದಾಗ, 1945ರಲ್ಲಿ, ಸೇನೆಯಿಂದ ಬಿಡುಗಡೆಯಾದವರಿಗೆ ಕೆಲಸ ಹುಡುಕಿಕೊಡಲು ಒಂದು ನಿರ್ದೇಶನಾಲಯ ಹುಟ್ಟಿತು. ಸ್ವಾತಂತ್ರ್ಯ ಬಂದ ಮೇಲೆ ಅದೇ ವ್ಯವಸ್ಥೆ ನಾಗರಿಕರ ಕಡೆ ತಿರುಗಿ, 1950ರಲ್ಲಿ ಕುಶಲಕರ್ಮಿಗಳ ತರಬೇತಿ ಯೋಜನೆಯಾಯಿತು. ಇಂದಿನ ಐಟಿಐಗಳ ಬೇರು ಅಲ್ಲಿದೆ.

ಈ ವ್ಯವಸ್ಥೆಯ ರೂಪ ನಿರ್ಧರಿಸಿದವರಲ್ಲಿ ಮುಖ್ಯರಾದವರು ಮಂಗಳೂರಿನವರು. ಬೆನೆಗಲ್ ಶಿವರಾವ್ ಎಂದರೆ ಇಂದು ಹೆಚ್ಚಿನವರಿಗೆ ನೆನಪಾಗುವುದು ಸಂವಿಧಾನ ರಚನೆಯ ದಾಖಲೆಗಳನ್ನು ಸಂಪಾದಿಸಿದವರು ಎಂದು, ಇಲ್ಲವೇ ಬಿ.ಎನ್. ರಾವ್ ಅವರ ಸಹೋದರ ಎಂದು. ಆದರೆ ಅವರು ಕಾರ್ಮಿಕ ಚಳವಳಿಯಲ್ಲಿ ಓಡಾಡಿದ ಪತ್ರಕರ್ತ. 1939ರಲ್ಲೇ ಭಾರತದ ಕೈಗಾರಿಕಾ ಕಾರ್ಮಿಕರ ಬಗ್ಗೆ ಪುಸ್ತಕ ಬರೆದವರು. 1952ರಲ್ಲಿ ತರಬೇತಿ ಮತ್ತು ಉದ್ಯೋಗ ಸೇವೆಗಳನ್ನು ಪರಿಶೀಲಿಸಲು ನೇಮಿಸಿದ ಸಮಿತಿಗೆ ಅವರೇ ಅಧ್ಯಕ್ಷರು. 1954ರಲ್ಲಿ ವರದಿ ಬಂತು. ಅದರ ತಿರುಳು ಇಷ್ಟು: ಸಂಸ್ಥೆಗಳನ್ನು ರಾಜ್ಯಗಳು ನಡೆಸಲಿ, ನೀತಿ, ಮಟ್ಟ, ಮೇಲ್ವಿಚಾರಣೆ ಕೇಂದ್ರದ ಬಳಿ ಇರಲಿ.

ಹಾಗೆಯೇ ಆಯಿತು. ಆಡಳಿತ ರಾಜ್ಯಗಳ ಕೈಗೆ ಹೋದದ್ದು 1956ರ ನವೆಂಬರ್ 1ರಂದು. ಕನ್ನಡಿಗರಿಗೆ ಆ ದಿನಾಂಕ ಬೇರೆ ಕಾರಣಕ್ಕೆ ನೆನಪಿರುತ್ತದೆ. ಅದೇ ವರ್ಷ ಮಂಡಳಿಯೂ ಹುಟ್ಟಿತು. ಅಂದಿನಿಂದ ಒಂದು ವಿಚಿತ್ರ ವಿಂಗಡಣೆ ನಮ್ಮ ಜೊತೆಗಿದೆ: ಅಡುಗೆ ಮಾಡುವವರು ಒಬ್ಬರು, ರುಚಿಗೆ ಜಾಮೀನು ನಿಲ್ಲುವವರು ಇನ್ನೊಬ್ಬರು. ಜಾಮೀನುದಾರ ದಿನವೂ ಅಡುಗೆಮನೆಗೆ ಬರಲಾರ. ಆದ್ದರಿಂದ ಅವನು ನೋಡಿದ್ದು ಪಾತ್ರೆಗಳನ್ನು. ಸಂಯೋಜನೆ ಕೊಡುವ ಮುನ್ನ ಬರುತ್ತಿದ್ದ ತಪಾಸಣಾ ತಂಡದ ಪಟ್ಟಿಯಲ್ಲಿ ಇರುತ್ತಿದ್ದುದು ವರ್ಕ್‌ಶಾಪಿನ ಚದರ ಅಳತೆ, ಯಂತ್ರಗಳ ಸಂಖ್ಯೆ, ವಿದ್ಯುತ್ ಸಂಪರ್ಕ, ಜೆಟಿಒಗಳ ವಿದ್ಯಾರ್ಹತೆ. ಕಲಿತದ್ದೆಷ್ಟು ಎಂದು ಅಳೆಯಲು ಉಳಿದದ್ದು ಕೊನೆಯ ಅಖಿಲ ಭಾರತ ವೃತ್ತಿ ಪರೀಕ್ಷೆಯೊಂದೇ.

ಸಂಸ್ಥೆಗಳು ಕಡಿಮೆ ಇದ್ದಾಗ ಇದು ಹೇಗೋ ನಡೆಯಿತು. ಕಷ್ಟ ಬಂದದ್ದು ಈ ಶತಮಾನದ ಮೊದಲೆರಡು ದಶಕಗಳಲ್ಲಿ. ಕೌಶಲ ಎಂಬುದು ರಾಜಕೀಯದ ದೊಡ್ಡ ಮಾತಾಯಿತು. ಖಾಸಗಿ ಐಟಿಐಗಳು ಮಳೆಗಾಲದ ಅಣಬೆಗಳಂತೆ ಎದ್ದವು. ಸುಮಾರು ಹತ್ತು ವರ್ಷಗಳಲ್ಲಿ ಅವುಗಳ ಸಂಖ್ಯೆ ಎರಡು ಸಾವಿರದ ಒಳಗಿನಿಂದ ಹನ್ನೆರಡು ಸಾವಿರದ ಹತ್ತಿರಕ್ಕೆ ಬಂದಿತು. ತಪಾಸಣೆಯನ್ನೇ ಹೊರಗುತ್ತಿಗೆಯಂತೆ ಗುಣಮಟ್ಟ ಮಂಡಳಿಗೆ ಒಪ್ಪಿಸಲಾಯಿತು. ಸಂಖ್ಯೆಯ ಹಿಂದೆ ಓಡಿ ಗುಣವನ್ನು ಕೈಬಿಟ್ಟಿದ್ದಾರೆ ಎಂಬ ಟೀಕೆ 2018ರಲ್ಲಿ ಸಂಸತ್ತಿನ ಕಾರ್ಮಿಕ ಸ್ಥಾಯಿ ಸಮಿತಿಯಿಂದಲೇ ಬಂತು. ಒಂದು ಸರ್ಟಿಫಿಕೇಟ್ ಸುಳ್ಳಾದರೆ ಪಕ್ಕದ ನೂರು ನಿಜದ ಸರ್ಟಿಫಿಕೇಟುಗಳ ಬೆಲೆಯೂ ಇಳಿಯುತ್ತದೆ. ಅದರ ನಷ್ಟ ಹೊರುವುದು ಸಂಸ್ಥೆಯಲ್ಲ, ಗೇಟಿನ ಮುಂದೆ ನಿಂತ ಹುಡುಗ.

ಡಿಜಿಟಲ್ ಸಾಧನಗಳು ಈ ಕಥೆಯೊಳಗೆ ಬಂದದ್ದು ಇಂಥ ಹೊತ್ತಿನಲ್ಲಿ. 2014ರಲ್ಲಿ ಎನ್‌ಸಿವಿಟಿಯ ಎಂಐಎಸ್ ಪೋರ್ಟಲ್ ಶುರುವಾಯಿತು. ಯಾವ ಐಟಿಐ, ಯಾವ ಟ್ರೇಡ್, ಎಷ್ಟು ಸೀಟು, ಸರ್ಟಿಫಿಕೇಟ್ ಅಸಲಿಯೋ ನಕಲಿಯೋ, ಯಾರು ಬೇಕಾದರೂ ಕಾಸು ಕೊಡದೆ ನೋಡಬಹುದಾಯಿತು. ಇದು ಸಣ್ಣ ಮಾತಲ್ಲ. ಕಾರ್ಖಾನೆಯ ಎಚ್‌ಆರ್‌ನವರು ಕುಳಿತಲ್ಲೇ ಪರಿಶೀಲಿಸಬಹುದಾದಾಗ ನಕಲಿ ಮುದ್ರೆಯ ವ್ಯಾಪಾರಕ್ಕೆ ಪೆಟ್ಟು ಬೀಳಲೇಬೇಕು. 2019ರಲ್ಲಿ ಭಾರತ್‌ಸ್ಕಿಲ್ಸ್ ಬಂತು: ಪಠ್ಯಕ್ರಮ, ಪ್ರಶ್ನೆಗಳ ಭಂಡಾರ, ವಿಡಿಯೊಗಳು ಉಚಿತ.

ಈ ಪಠ್ಯಗಳ ಹಿಂದೆ ಚೆನ್ನೈನ ಗಿಂಡಿಯಲ್ಲಿರುವ ಒಂದು ಸಂಸ್ಥೆಯಿದೆ. ಜರ್ಮನಿಯ ನೆರವಿನಿಂದ 1986ರಲ್ಲಿ ಶುರುವಾದ, ಇಂದು ನಿಮಿ ಎಂದು ಕರೆಯುವ ಬೋಧನಾ ಮಾಧ್ಯಮ ಸಂಸ್ಥೆ. ಟ್ರೇಡ್ ಪುಸ್ತಕಗಳನ್ನು ಇಂಗ್ಲಿಷ್, ಹಿಂದಿಗಳಲ್ಲಿ ಮಾತ್ರವಲ್ಲದೆ ಪ್ರಾದೇಶಿಕ ಭಾಷೆಗಳಲ್ಲೂ ತರುವ ಕೆಲಸ ಅದರದು. ಗುಣಮಟ್ಟದ ಚರ್ಚೆಯಲ್ಲಿ ಭಾಷೆಯ ಮಾತು ಅಷ್ಟಾಗಿ ಬರುವುದಿಲ್ಲ, ಬರಬೇಕು. ಫಿಟ್ಟರ್ ಶಾಪಿನಲ್ಲಿ ಹುಡುಗರು ಅರವನ್ನು ಫೈಲ್ ಎಂದೇ ಕರೆಯುತ್ತಾರೆ. ಪ್ರಶ್ನೆಪತ್ರಿಕೆ ಅನುವಾದಿಸುವಾಗ ಅದು ಅರವಾದರೆ ಒಂದು ಗಳಿಗೆ ತಬ್ಬಿಬ್ಬು. ಯಂತ್ರದ ಕೈಗೆ ಸಿಕ್ಕಿ ಕಡತವಾಗಿಬಿಟ್ಟರೆ? ಎರಡು ವರ್ಷ ಕಬ್ಬಿಣ ಉಜ್ಜಿದವನು ಕಚೇರಿಯ ಕಡತ ಹಿಡಿದು ಏನು ಮಾಡಬೇಕು? ಅಂಥ ಪ್ರಶ್ನೆ ಅವನ ಕೌಶಲವನ್ನು ಅಳೆಯುವುದಿಲ್ಲ.

ಮತ್ತೆ ಪೋರ್ಟಲ್ಲಿಗೆ ಬರೋಣ. 2017-18ರ ಹೊತ್ತಿಗೆ ಅದರ ಮೇಲೆಯೇ ಐಟಿಐಗಳಿಗೆ ಸ್ಟಾರ್ ಕೊಡುವ ಗ್ರೇಡಿಂಗ್ ಶುರುವಾಯಿತು. ಒಟ್ಟು 43 ಮಾನದಂಡಗಳು. ಮೊದಲು ಸಂಸ್ಥೆ ತನಗೆ ತಾನೇ ಅಂಕ ಕೊಟ್ಟುಕೊಳ್ಳಬೇಕಿತ್ತು. ನಂತರ ಹೊರಗಿನವರು ಬಂದು ನೋಡುತ್ತಿದ್ದರು. ಕೊನೆಗೆ ಸಮಿತಿಯ ತೀರ್ಮಾನ. ಹಳೆಯ ತಪಾಸಣೆಗಿಂತ ಇದು ಖಂಡಿತ ಮೇಲಾಗಿತ್ತು, ಏಕೆಂದರೆ ಫಲ ಎಲ್ಲರ ಕಣ್ಣಿಗೆ ಬೀಳುತ್ತಿತ್ತು. ತೊಡಕೂ ಅಲ್ಲೇ ಇತ್ತು. ಅಂಕ ತುಂಬುವವನಿಗೆ ಸ್ಟಾರ್ ಬೇಕಿತ್ತು. ಸೀಟು ತುಂಬುವುದೂ ಹೆಸರು ಉಳಿಯುವುದೂ ಅದನ್ನು ಅವಲಂಬಿಸಿದಾಗ ಕೆಟ್ಟುನಿಂತ ಮಿಲ್ಲಿಂಗ್ ಯಂತ್ರವೂ ಪಟ್ಟಿಯಲ್ಲಿ ಒಂದು ಯಂತ್ರವೇ.

ಯುರೋಪಿನವರು ಇದೇ ಹೊತ್ತಿನಲ್ಲಿ ಬೇರೆ ದಾರಿ ಹಿಡಿದರು. ವೃತ್ತಿ ಶಿಕ್ಷಣದ ಗುಣಮಟ್ಟಕ್ಕೆ ಯೋಜನೆ, ಜಾರಿ, ಮೌಲ್ಯಮಾಪನ, ಪರಿಷ್ಕರಣೆ ಎಂಬ ಚಕ್ರವನ್ನು ಅವರು 2009ರಲ್ಲೇ ಶಿಫಾರಸು ಮಾಡಿದ್ದರು. 2018ರ ಅಕ್ಟೋಬರಿನಲ್ಲಿ ಯುರೋಪಿಯನ್ ಆಯೋಗ ಸೆಲ್ಫಿ ಎಂಬ ಉಚಿತ ಸಾಧನ ಹೊರತಂದಿತು. ಶಾಲೆ ಡಿಜಿಟಲ್ ತಂತ್ರಜ್ಞಾನವನ್ನು ಹೇಗೆ ಬಳಸುತ್ತಿದೆ ಎಂಬುದಷ್ಟೇ ಅದರ ವಿಷಯ, ವ್ಯಾಪ್ತಿ ಚಿಕ್ಕದು. ಆದರೆ ಕ್ರಮ ಗಮನಿಸುವಂಥದ್ದು: ಮುಖ್ಯಸ್ಥರು, ಶಿಕ್ಷಕರು, ವಿದ್ಯಾರ್ಥಿಗಳು ಮೂವರೂ ಹೆಸರಿಲ್ಲದೆ ಉತ್ತರಿಸುತ್ತಾರೆ, ವರದಿ ಹೋಗುವುದು ಆ ಶಾಲೆಗೆ ಮಾತ್ರ, ರ‍್ಯಾಂಕಿಲ್ಲ, ಸ್ಟಾರಿಲ್ಲ. 2021ರ ವೃತ್ತಿ ತರಬೇತಿ ಆವೃತ್ತಿಯಲ್ಲಿ ಕಂಪನಿಯ ತರಬೇತುದಾರರನ್ನೂ ಸೇರಿಸಿದರು. ಮುಖ್ಯಸ್ಥರು ಚೆನ್ನಾಗಿದೆ ಎಂದದ್ದನ್ನು ವಿದ್ಯಾರ್ಥಿಗಳು ಇಲ್ಲ ಎಂದರೆ, ಆ ಅಂತರವೇ ಶಾಲೆಗೆ ಸಿಗುವ ಮಾಹಿತಿ. ಇದನ್ನು ಮಾಡಲು ಬ್ರಸೆಲ್ಸ್ ಬೇಕಿಲ್ಲ. ಗೂಗಲ್ ಫಾರ್ಮ್ ಸಾಕು, ಮುಕ್ತ ತಂತ್ರಾಂಶವಾದ ಲೈಮ್‌ಸರ್ವೇ ಸಾಕು, ಹತ್ತು ಪ್ರಶ್ನೆಗಳು ಸಾಕು: ಈ ವಾರ ಎಷ್ಟು ಗಂಟೆ ಯಂತ್ರದ ಮುಂದೆ ನಿಂತೆ? ಎಷ್ಟು ಜನರಿಗೆ ಒಂದು ವೈಸ್? ಕೆಡಿಸಿದ ಜಾಬನ್ನು ಯಾರಾದರೂ ಕೂತು ತಿದ್ದಿಸಿದರೇ? ಬೇಕಾದದ್ದು ಉತ್ತರಿಸಿದವನ ಹೆಸರು ಹೊರಬೀಳದು ಎಂಬ ಭರವಸೆ. ಮೂವತ್ತು ಹುಡುಗರ ಕ್ಲಾಸಿನಲ್ಲಿ, ಒಬ್ಬರೇ ಜೆಟಿಒ ಇರುವಲ್ಲಿ, ಅದು ತಂತ್ರಾಂಶದಷ್ಟು ಸುಲಭಕ್ಕೆ ಸಿಗುವುದಿಲ್ಲ.

2022ರ ಜೂನ್‌ನಲ್ಲಿ ಕರ್ನಾಟಕದ 150 ಸರ್ಕಾರಿ ಐಟಿಐಗಳು ತಂತ್ರಜ್ಞಾನ ಕೇಂದ್ರಗಳಾಗಿ ಹೊಸ ರೂಪ ಪಡೆದವು. ಥಿಯರಿ ಪರೀಕ್ಷೆಯೂ ಇಷ್ಟರಲ್ಲಿ ಕಂಪ್ಯೂಟರಿಗೆ ಹೋಗಿದೆ. ಪ್ರಾಕ್ಟಿಕಲ್ ಮಾತ್ರ ಈಗಲೂ ಕೈಯದೇ. ಫಿಟ್ಟರ್ ಟ್ರೇಡಿನಲ್ಲಿ ಎರಡು ತುಂಡುಗಳನ್ನು ಒಂದಕ್ಕೊಂದು ಕೂರುವಂತೆ ಅರದಿಂದ ಉಜ್ಜಬೇಕು, ವ್ಯತ್ಯಾಸ 0.04 ಮಿಲಿಮೀಟರ್ ದಾಟಬಾರದು. ಹಾಗೆ ಕೂತ ತುಂಡುಗಳನ್ನು ಬೆಳಕಿಗೆ ಹಿಡಿದರೆ ನಡುವೆ ಬೆಳಕು ನುಸುಳುತ್ತದೋ ಇಲ್ಲವೋ ಬರಿಗಣ್ಣಿಗೇ ಗೊತ್ತಾಗುತ್ತದೆ. ಆಮೇಲೆ ಯಾರೋ ಒಬ್ಬರು ಆ ಅಂಕವನ್ನು ಪೋರ್ಟಲ್ಲಿನಲ್ಲಿ ತುಂಬುತ್ತಾರೆ.